ಮೇಷ್ಟ್ರು ಆರಿಸಿದ ಸಿಗಾರು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಕ್ಲಾರಿನೆಟ್ ನುಡಿಸುವವರು. ನಾಲ್ಕು ಜನರ ಬ್ಯಾಂಡಿನಲ್ಲಿ ಉಳಿದ ಮೂವರಿಗೂ ಸ್ವರ, ತಾಳ ತಿದ್ದಿದ್ದು ಅವರೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಈಗ ಹಾಲು ಹಾಕುವವನೂ ಹಾಗೇ ಕರೆಯುತ್ತಿದ್ದ. ಟ್ರಂಪೆಟ್ ಊದುವವನು ಅವರ ಹೆಂಡತಿಯ ತಮ್ಮ. ಡ್ರಮ್ ಬಾರಿಸುವವನಿಗೆ ಗುಡುಗು ಎಂದು ಅಡ್ಡಹೆಸರು. ಅವನು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತಿತ್ತು. ಟ್ರೊಂಬೋನಿನವನು ಎಲ್ಲ ಬಾಗಿಲುಗಳಲ್ಲೂ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದ ಉದ್ದಣ್ಣ.

ಬಂದರಿನ ಎದುರಿಗಿರುವ ದೊಡ್ಡ ಹೋಟೆಲಿನವರು ಇನ್ನು ಮುಂದೆ ಪ್ರತಿ ವಾರಾಂತ್ಯ ತಮ್ಮಲ್ಲೇ ನುಡಿಸಬೇಕೆಂದು ಬ್ಯಾಂಡಿನ ಜೊತೆ ಒಪ್ಪಂದ ಮಾಡಿಕೊಂಡಾಗ, ಭಾವಮೈದುನ ತನ್ನ ಮನೆಯ ಹಿತ್ತಲಿನಲ್ಲಿ ಮಧ್ಯಾಹ್ನದ ಊಟದ ಪಾರ್ಟಿ ಇಟ್ಟುಕೊಂಡ. ವ್ಯವಹಾರದ ಮಾತುಕತೆಯೆಲ್ಲ ಅವನದೇ. ಮೇಷ್ಟ್ರಿಗೆ ಅದರ ಗೋಜು ಬೇಕಿರಲಿಲ್ಲ. ಆದರೆ ಪಾರ್ಟಿಗೆ ಸಿಗಾರು ತಾನೇ ತರುತ್ತೇನೆಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಅದಕ್ಕೊಂದು ಹಳೆಯ ಕಾರಣವಿತ್ತು. ಬ್ಯಾಂಡಿಗೆ ಮೊಟ್ಟಮೊದಲ ಕೆಲಸ ಸಿಕ್ಕ ದಿನ ನಾಲ್ವರೂ ಸೇರಿ ಒಂದೇ ಒಂದು ಅಗ್ಗದ ಸಿಗಾರು ಕೊಂಡು, ಬಸ್ ನಿಲ್ದಾಣದ ಗೋಡೆಗೆ ಒರಗಿ, ಬಾಯಿಂದ ಬಾಯಿಗೆ ದಾಟಿಸುತ್ತ ಸೇದಿದ್ದರು. ಉದ್ದಣ್ಣನಿಗೆ ಕೆಮ್ಮಿ ಕೆಮ್ಮಿ ಕಣ್ಣುಗುಡ್ಡೆ ಹೊರಗೆ ಬಂದಂತಾಗಿತ್ತು. “ನೋಡ್ರೋ, ಒಂದಲ್ಲ ಒಂದಿನ ದೊಡ್ಡ ಜಾಗದಲ್ಲಿ ಕೆಲಸ ಸಿಗತ್ತೆ. ಅವತ್ತು ಒಬ್ಬೊಬ್ಬರಿಗೆ ಒಂದೊಂದು. ಅದೂ ಒಳ್ಳೇದು. ನಾನು ಕೊಡಿಸ್ತೀನಿ,” ಎಂದು ಮೇಷ್ಟ್ರು ಹೇಳಿದ್ದರು.

ಹಾಗಾಗಿ ಪಾರ್ಟಿಯ ದಿನ ಬೆಳಿಗ್ಗೆ ಅವರು ಕೋಟು ಹಾಕಿಕೊಂಡು ಹೊರಟರು. ಬಟ್ಟೆ ಹೊಲಿಯುವ ಹೆಂಡತಿ ಮೆಷಿನ್ನಿನ ಮುಂದೆ ಕೂತಿದ್ದಳು. ತಲೆ ಎತ್ತದೆಯೇ, “ರೀ, ಜಿಪುಣತನ ಮಾಡ್ಬೇಡಿ. ಚೆನ್ನಾಗಿರೋದೇ ತಗೊಳ್ಳಿ,” ಎಂದಳು. ಸಿಗಾರಿನ ವಾಸನೆಗೆ ಮೂಗು ಮುರಿಯುವ ಹೆಂಗಸಿನ ಬಾಯಲ್ಲಿ ಈ ಮಾತು ಕೇಳಿ ಮೇಷ್ಟ್ರಿಗೆ ಖುಷಿಯೇ ಆಯಿತು.

ತಂಬಾಕಿನ ಅಂಗಡಿ ಒಂದು ಕಿರಿದಾದ ಬೀದಿಯಲ್ಲಿತ್ತು. ಒಳಗೆ ತಂಪು, ಅರ್ಧ ಕತ್ತಲು, ಒದ್ದೆ ಮರದ ವಾಸನೆ. ಅಂಗಡಿಯಾಕೆ ಕನ್ನಡಕವನ್ನು ಹಣೆಗೇರಿಸಿಕೊಂಡು ಲೋಹದ ಕೊಳವೆಗಳಲ್ಲಿ ಮಿರಮಿರ ಮಿಂಚುವ ಸಿಗಾರುಗಳನ್ನು ಮುಂದಿಟ್ಟಳು.

“ಪಾರ್ಟಿಗೆ ಎಲ್ಲರೂ ಇದನ್ನೇ ಒಯ್ಯೋದು ಸಾರ್.”

“ಬೇಡಮ್ಮ. ಡಬ್ಬಿ ನೋಡಿ ಮೆಚ್ಚೋ ಜನ ಅಲ್ಲ ಅವರು. ಬಿಡಿಯಾಗಿರೋದು ತೋರಿಸಿ, ಮುಟ್ಟಿ ನೋಡ್ಬೇಕು.”

ಆಕೆ ನಕ್ಕು, ಗಾಜಿನ ಮುಚ್ಚಳದ ಮರದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದಳು. ಹದ ಕೆಡದಿರಲೆಂದು ಒಳಗೆ ಒದ್ದೆ ಸ್ಪಂಜಿತ್ತು. ಮೇಷ್ಟ್ರಿಗೆ ಸಿಗಾರಿನ ವಿದ್ಯೆ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಬೆತ್ತದ ತೆಳು ಪಟ್ಟಿಯನ್ನು, ಆ ರೀಡನ್ನು, ಜೀವಮಾನವಿಡೀ ಬೆಳಕಿಗೆ ಹಿಡಿದು ಆರಿಸಿದ ಕೈ ಅದು. ಸಿಗಾರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅದುಮಿದರು. ಒಂದು ಚರಚರ ಎಂದಿತು. “ಒಣಗಿದೆ,” ಎಂದು ವಾಪಸಿಟ್ಟರು. ಇನ್ನೊಂದರ ನಡುವೆ ಗಂಟು ಸಿಕ್ಕಿತು. “ಇದರಲ್ಲಿ ಹೊಗೆ ಎಳೆಯೋಕೆ ಎದೆ ಒಡ್ಕೋಬೇಕು.” ಮೂರನೆಯದು ಅದುಮಿದಲ್ಲಿ ತಗ್ಗಿ, ಬಿಟ್ಟ ಕೂಡಲೇ ಮತ್ತೆ ಉಬ್ಬಿತು. ಮೇಲಿನ ಎಲೆಯಲ್ಲಿ ದಪ್ಪ ನರಗಳಿರಲಿಲ್ಲ, ಎಣ್ಣೆ ಸವರಿದಂಥ ಮಂದ ಹೊಳಪಿತ್ತು.

“ಕಪ್ಪಗಿದ್ರೆ ಖಾರ ಅಂತೇನಿಲ್ಲ ಸಾರ್,” ಎಂದಳು ಆಕೆ. “ಯಾರಿಗೆ ಅಂತ ಹೇಳಿ, ಹೇಳ್ತೀನಿ.”

ಮೇಷ್ಟ್ರು ಅಂಗಡಿಯ ಸ್ಟೂಲಿನ ಮೇಲೆ ಕೂತು ಗೆಳೆಯರ ಪುರಾಣವನ್ನೇ ಬಿಚ್ಚಿದರು. ಗುಡುಗಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಅವನಿಗೆ ಗಿಡ್ಡದು, ದಪ್ಪನೆಯದು, ಬೇಗ ಮುಗಿಯುವಂಥದ್ದು. ಉದ್ದಣ್ಣನ ಹೊಟ್ಟೆ ಸೂಕ್ಷ್ಮ, ಅವನಿಗೆ ತೀರ ಸೌಮ್ಯವಾದದ್ದು. ಭಾವಮೈದುನನ ಸರದಿ ಬಂದಾಗ ಅವರು ಬಹಳ ಹೊತ್ತು ಆರಿಸಿದರು. ಗಡ್ಡ ಮೂಡುವ ಮೊದಲೇ ಆ ಹುಡುಗನ ತುಟಿಯನ್ನು ಟ್ರಂಪೆಟ್ಟಿನ ಮೇಲೆ ಹೀಗಿಡು, ಹಾಗಿಡು ಎಂದು ತಿದ್ದಿದವರು ತಾವು. ಇವತ್ತು ಅವನು ದೊಡ್ಡ ಹೋಟೆಲಿನವರ ಜೊತೆ ಸರಿಸಮನಾಗಿ ಕೂತು ಮಾತಾಡುವಂತಾಗಿದ್ದಾನೆ. ಅವನಿಗೆಂದು ಉದ್ದನೆಯ, ಕಡುಗಂದು ಬಣ್ಣದ, ಇಡೀ ಅಂಗಡಿಯಲ್ಲೇ ಸೊಗಸಾದ ಒಂದನ್ನು ಎತ್ತಿಟ್ಟರು. ತಮಗೆ ಒಂದು ಸಣ್ಣದು ಸಾಕೆಂದುಕೊಂಡರು. ಹೊಸದಾಗಿ ಕಟ್ಟಿಸಿದ ಹಲ್ಲು ಇನ್ನೂ ಬಾಯಿಗೆ ಹೊಂದಿಕೊಂಡಿರಲಿಲ್ಲ.

ಹಿತ್ತಲಿನಲ್ಲಿ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿದ್ದರು. ಊಟ ಭರ್ಜರಿಯಾಗಿಯೇ ಇತ್ತು. ಆದರೆ ಗುಡುಗು ಯಾಕೋ ಮೆತ್ತಗಿದ್ದ. ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದ. ಉದ್ದಣ್ಣ ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ. ಹೊಸ ಜಾಗದ ಗಾಬರಿ ಇರಬೇಕೆಂದು ಮೇಷ್ಟ್ರು ಭಾವಿಸಿದರು. ಊಟವಾದ ಮೇಲೆ ಕಾಗದದ ಪೊಟ್ಟಣ ಬಿಚ್ಚಿ ಸಿಗಾರುಗಳನ್ನು ಅವರವರ ಮುಂದಿಟ್ಟರು.

“ತುದಿ ಕಚ್ಚಬೇಡ್ವೋ, ಕತ್ತರಿಸು. ಬೆಂಕಿ ಮುಟ್ಟಿಸಬೇಡ, ಶಾಖ ತೋರಿಸು, ತಿರುಗಿಸ್ತಾ ಇರು. ಹಾಂ, ಹಾಗೆ. ಹೊಗೆ ನುಂಗಬೇಡ ಉದ್ದಣ್ಣ, ಬಾಯಲ್ಲಿಟ್ಕೊಂಡು ಬಿಡು.”

ಭಾವಮೈದುನ ಒಂದು ದಮ್ಮೆಳೆದು ಕಣ್ಣು ಮುಚ್ಚಿದ. “ಭಾವ, ಏನ್ ಭಾವ ಇದು! ಇಂಥದ್ದು ಸೇದೇ ಇಲ್ಲ ನಾನು,” ಎಂದ. ಅವನ ದನಿ ಸ್ವಲ್ಪ ನಡುಗಿತು. ಮೇಷ್ಟ್ರು ಅದನ್ನು ಪ್ರೀತಿ ಎಂದುಕೊಂಡರು. ಪ್ರೀತಿ ಅಲ್ಲವೇ ಅಲ್ಲ ಎಂದು ಹೇಳುವಂತಿಲ್ಲ. ಅದೂ ಇತ್ತು.

ಸಿಗಾರುಗಳು ಇನ್ನೂ ಕಾಲುಭಾಗವೂ ಉರಿದಿರಲಿಲ್ಲ, ಹಿತ್ತಲಿನ ಗೇಟು ಕಿರ್ರೆಂದಿತು. ಮೂವತ್ತರ ಆಸುಪಾಸಿನ ಒಬ್ಬ, ತಲೆ ನೀಟಾಗಿ ಬಾಚಿಕೊಂಡವನು, ಕೈಯಲ್ಲಿ ಕ್ಲಾರಿನೆಟ್ಟಿನ ಕಪ್ಪು ಪೆಟ್ಟಿಗೆ ಹಿಡಿದುಕೊಂಡು ಒಳಗೆ ಬಂದ.

“ಬೇಗ ಬಂದ್ಬಿಟ್ಟೆ ಅನ್ಸತ್ತೆ. ಮನೇಲಿ ಕೂರೋಕಾಗ್ಲಿಲ್ಲ,” ಎಂದು ನಕ್ಕ.

ಭಾವಮೈದುನ ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತ. ಬಂದವನು ಯಾರ ಮುಖವನ್ನೂ ಗಮನಿಸದೆ ನೇರವಾಗಿ ಮೇಷ್ಟ್ರ ಬಳಿ ಬಂದು ಅವರ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದ.

“ಮೇಷ್ಟ್ರೇ, ನಿಮ್ಮ ಜಾಗ ತುಂಬೋದು ನನ್ನ ಕೈಲಾಗೋ ಮಾತಲ್ಲ. ‘ಸಾಕಪ್ಪ, ಇನ್ನು ಹೊಸಬರು ನುಡಿಸಲಿ’ ಅಂತ ನೀವೇ ಬಿಟ್ಕೊಟ್ರಂತೆ. ಎಷ್ಟು ಜನಕ್ಕೆ ಇರತ್ತೆ ಇಂಥ ಮನಸ್ಸು! ಎಲ್ಲಾ ಹೇಳಿದ್ರು ನಂಗೆ.”

ಗುಡುಗು ಬೂದಿ ನೋಡುತ್ತಿದ್ದ. ಉದ್ದಣ್ಣನ ಸಿಗಾರು ಬೆರಳಲ್ಲೇ ಆರಿಹೋಗಿತ್ತು. ಮೇಷ್ಟ್ರ ಕಣ್ಣು ಬಂದವನ ಕೋಟಿನ ಮೇಲೆ ಬಿತ್ತು. ಬ್ಯಾಂಡಿನ ನೀಲಿ ಕೋಟು, ಹೊಚ್ಚ ಹೊಸದು. ಗುಂಡಿಯ ಕಾಜಿನ ಸುತ್ತ ಎರಡೆರಡು ಸಲ ದಾರ ಸುತ್ತಿ, ಕೊನೆಯಲ್ಲಿ ಸಣ್ಣ ಗಂಟು ಹಾಕಿದ ಹೊಲಿಗೆ. ಆ ಗಂಟು ಹಾಕುವ ಕೈ ಊರಿಗೆಲ್ಲ ಒಂದೇ, ಅದು ಅವರ ಮನೆಯಲ್ಲಿತ್ತು. ಹೋದ ವಾರ ಹೆಂಡತಿಯ ಮಡಿಲಲ್ಲಿ ಇದೇ ನೀಲಿ ಬಟ್ಟೆ ನೋಡಿ ಕೇಳಿದ್ದಕ್ಕೆ, “ಗುಡುಗಂದು, ಹೊಟ್ಟೆ ಬಂದಿದೆ, ಹಳೇದು ಹಿಡಿಸ್ತಿಲ್ಲ,” ಎಂದಿದ್ದಳು.

ಎದುರಿಗೆ ನಿಂತವನ ಮುಖದಲ್ಲಿ ಮಾತ್ರ ಒಂದಿಷ್ಟೂ ಕಪಟವಿರಲಿಲ್ಲ. ಈಗ ಬಾಯಿ ಬಿಟ್ಟರೆ ಮೊದಲು ನೆಲಕ್ಕೆ ಕುಸಿಯುವವನು ಅವನೇ. ಆಮೇಲೆ ತಾನು. ಇದ್ದಕ್ಕಿದ್ದಂತೆ ತನ್ನವರೇ ಕೈಬಿಟ್ಟ ಮುದುಕನಾಗಿ ಈ ಹಿತ್ತಲಿನಲ್ಲಿ ನಿಲ್ಲುವುದಕ್ಕಿಂತ ದೊಡ್ಡ ಮನಸ್ಸಿನವನೆಂಬ ಸುಳ್ಳೇ ವಾಸಿ ಎನ್ನಿಸಿತು.

“ಹೌದಪ್ಪ,” ಎಂದರು. “ನಾನೇ ಹೇಳ್ದೆ.”

ಭಾವಮೈದುನ ಕುರ್ಚಿಯಲ್ಲಿ ಕುಸಿದು ಕೂತ.

“ನಿಂಗೆ ಸಿಗಾರು ತರ್ಲಿಲ್ಲ. ನೀನು ಬರೋದು ಗೊತ್ತಿರ್ಲಿಲ್ಲ ನೋಡು.”

“ಅಯ್ಯೋ, ನಾನು ಸೇದಲ್ಲ ಮೇಷ್ಟ್ರೇ. ಉಸಿರು ಕೆಡತ್ತಲ್ಲ. ನಮ್ಮ ಕಸುಬಿಗೆ ಉಸಿರೇ ಬಂಡವಾಳ.”

“ಅದೂ ನಿಜವೇ.”

ಅವರು ಅವನ ಪೆಟ್ಟಿಗೆ ತೆರೆಸಿ ವಾದ್ಯ ನೋಡಿದರು, ಚೆನ್ನಾಗಿಟ್ಟುಕೊಂಡಿದ್ದೀಯ ಎಂದರು. ಹೋಟೆಲಿನ ಹವಾನಿಯಂತ್ರಣಕ್ಕೆ ರೀಡು ಬೇಗ ಒಣಗುತ್ತದೆ, ಹುಷಾರು ಎಂದೂ ಹೇಳಿದರು. ತಮ್ಮ ಸಣ್ಣ ಸಿಗಾರನ್ನು ಕೊನೆಯವರೆಗೂ ಸೇದಿದರು. ರುಚಿ ಒಂದಿಷ್ಟೂ ಗೊತ್ತಾಗಲಿಲ್ಲ. ಹೊರಡುವಾಗ ಭಾವಮೈದುನ ಗೇಟಿನವರೆಗೆ ಹಿಂದೆಯೇ ಓಡಿಬಂದ. ಆ ಕಡುಗಂದು ಸಿಗಾರು ಇನ್ನೂ ಅವನ ಬೆರಳ ಸಂದಿಯಲ್ಲಿತ್ತು.

“ಭಾವ, ನಾನೇ ಹೇಳ್ಬೇಕು ಅಂತಿದ್ದೆ. ಊಟ ಆದ್ಮೇಲೆ ಹೇಳೋಣ ಅಂತ. ಅವನಿಗೆ ಲೇಟಾಗಿ ಬಾ ಅಂದಿದ್ದೆ...”

“ಹೋಟೆಲಿನವರು ಕೇಳಿದ್ರಾ?”

ಅವನು ಸಿಗಾರಿನ ಬೂದಿ ಕೊಡವತೊಡಗಿದ.

“ಸುಳ್ಳು ಹೇಳ್ಬೇಡ ಕಣೋ. ಇವತ್ತಿಗೆ ಅದು ಸಾಕಷ್ಟಾಯ್ತು.”

“ಅವರು ಕೇಳ್ಲಿಲ್ಲ ಭಾವ. ನಾವೇ ಯೋಚನೆ ಮಾಡಿದ್ವಿ. ಹಲ್ಲು ತೆಗೆಸಿದ್ಮೇಲೆ ನಿಮ್ಮ ಮೇಲಿನ ಸ್ವರಗಳು... ನಿಮಗೆ ಕೇಳಿಸ್ತಿಲ್ಲ ಅಷ್ಟೇ. ನಾಲ್ಕೈದು ಕಡೆ ನಾನು ಟ್ರಂಪೆಟ್ ಜೋರಾಗಿ ಊದಿ ಮುಚ್ಚಿದೀನಿ.”

“ಮುಖಕ್ಕೆ ಹೇಳ್ಬಹುದಿತ್ತು.”

“ನಿಮ್ಮ ಮುಖಕ್ಕಾ? ನಾನಾ?” ಅವನ ಕಣ್ಣು ತುಂಬಿಕೊಂಡಿತು. “ಅಕ್ಕ ಹೇಳು ಅಂತಾನೇ ಇದ್ಲು, ನನಗೇ ಬಾಯಿ ಬರ್ಲಿಲ್ಲ.”

ಆ ಕಣ್ಣೀರು ನೋಡಿ ಮೇಷ್ಟ್ರಿಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ಮಾಡುವುದನ್ನೂ ಮಾಡಿ, ಅಳುವ ಪಾಲನ್ನೂ ಇವನೇ ತೆಗೆದುಕೊಂಡನಲ್ಲ ಎನ್ನಿಸಿತು. ಬೆನ್ನು ತಿರುಗಿಸಿ ಗೇಟು ದಾಟಿದರು.

ಮನೆಗೆ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಹೆಂಡತಿ ಮೆಷಿನ್ನಿಗೆ ಹೊದಿಕೆ ಹಾಕಿ, ಕೈಕಟ್ಟಿ ಕೂತಿದ್ದಳು. ಕಾಯುತ್ತಿದ್ದಳೆಂದು ನೋಡಿದ ಕೂಡಲೇ ಗೊತ್ತಾಯಿತು.

“ಹೇಳಿದ್ನಾ?” ಎಂದಳು.

“ಅವನು ಹೇಳ್ಲಿಲ್ಲ. ನಿನ್ನ ಕೋಟು ಹೇಳ್ತು.”

ಅವಳು ಕಣ್ಣು ಮುಚ್ಚಿಕೊಂಡಳು. ಮೇಷ್ಟ್ರು ಎದುರಿಗೆ ಕೂತು ಬೂಟಿನ ದಾರ ಬಿಚ್ಚತೊಡಗಿದರು. ಗಂಟು ಬಿಗಿದುಕೊಂಡಿತು.

“ನೀನ್ಯಾಕೆ ಮುಚ್ಚಿಟ್ಟೆ?”

“ನಾನು ಬರೀ ಮುಚ್ಚಿಡ್ಲಿಲ್ಲ ರೀ,” ಎಂದಳು ಅವಳು. “ಅವನ ಮೇಲೆ ತಪ್ಪು ಹೊರಿಸ್ಬೇಡಿ. ಮೊದಲು ಹೇಳಿದ್ದೇ ನಾನು. ‘ನಿಮ್ಮ ಭಾವನ್ನ ನಿಲ್ಲಿಸೋ’ ಅಂತ ನಾನೇ ಅವನ ಮನೆಗೆ ಹೋಗಿ ಹೇಳ್ದೆ.”

“ನೀನಾ?”

“ವೈದ್ಯರ ಸಂಘದ ಕಾರ್ಯಕ್ರಮಕ್ಕೆ ಬಂದಿದ್ನಲ್ಲ ನಾನು, ಹಿಂದಿನ ಸಾಲಲ್ಲಿ ಕೂತಿದ್ದೆ. ನೀವು ಒಬ್ಬರೇ ನುಡಿಸೋ ಭಾಗ ಬಂದಾಗ ಸ್ವರ ಕೀಚ್ ಅಂತು. ಒಂದ್ಸಲ ಅಲ್ಲ. ನನ್ನ ಮುಂದೆ ಇಬ್ಬರು ಕೂತಿದ್ರು. ಒಬ್ಬಳು ಕರವಸ್ತ್ರದಲ್ಲಿ ಬಾಯಿ ಮುಚ್ಕೊಂಡು ನಕ್ಕಳು. ಪಕ್ಕದವನು ನಿಮ್ಮ ಥರ ಕೆನ್ನೆ ಉಬ್ಬಿಸಿ ತೋರಿಸ್ದ. ನನಗೆ ಎದ್ದು ಅವರ ಕೂದಲು ಹಿಡೀಬೇಕು ಅನ್ನಿಸ್ತು. ಅದು ಬಿಟ್ಟು ಸುಮ್ಮನೆ ಕೂತೆ. ಅವರು ನಕ್ಕಿದ್ದಕ್ಕೆ ಕಾರಣ ಇತ್ತಲ್ಲ.”

ಮೇಷ್ಟ್ರ ಕೈ ಬೂಟಿನ ಮೇಲೆಯೇ ನಿಂತಿತು. ಆ ಸಂಜೆ ಅವರಿಗೆ ಚೆನ್ನಾಗಿ ನೆನಪಿತ್ತು. ಹೊಸ ಹಲ್ಲು ಕಟ್ಟಿಸಿದ ಮೇಲೆ ಮೊದಲ ಬಾರಿಗೆ ತುಟಿ ಸರಿಯಾಗಿ ಕೂತಿದೆ ಎಂದು ಅವರಿಗನ್ನಿಸಿದ್ದು ಅವತ್ತೇ. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ, “ಇವತ್ತು ಹೇಗಿತ್ತೇ? ಹಳೇ ಕಾಲ ನೆನಪಾಗ್ಲಿಲ್ವಾ?” ಎಂದು ಮತ್ತೆ ಮತ್ತೆ ಕೇಳಿದ್ದರು. ಅವಳು ಅವರ ತೋಳು ಹಿಡಿದುಕೊಂಡು, “ಹೂಂ ರೀ, ತುಂಬಾ ಚೆನ್ನಾಗಿತ್ತು,” ಎಂದಿದ್ದಳು.

“ಅವತ್ತೇ ಹೇಳ್ಬಹುದಿತ್ತಲ್ಲೇ.”

“ನೀವು ಅಷ್ಟು ಖುಷಿಯಾಗಿದ್ರಿ.”

ಮೇಷ್ಟ್ರು ಮತ್ತೆ ಬೂಟಿನ ಗಂಟಿಗೆ ಕೈ ಹಾಕಿದರು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು.

ಮೇಷ್ಟ್ರು ಹೋಟೆಲಿಗೆ ಒಮ್ಮೆಯೂ ಹೋಗಲಿಲ್ಲ. ಬ್ಯಾಂಡಿಗೆ ಒಳ್ಳೆಯ ಹೆಸರು ಬಂತು. ಹೊಸಬ ಹೋದಲ್ಲೆಲ್ಲ ಮೇಷ್ಟ್ರ ದೊಡ್ಡತನದ ಕತೆ ಹೇಳುತ್ತಿದ್ದ. ಕೇಳಿದವರು ದಾರಿಯಲ್ಲಿ ಸಿಕ್ಕಾಗ ಮೇಷ್ಟ್ರ ಬೆನ್ನು ತಟ್ಟುತ್ತಿದ್ದರು, ಅವರು ತಲೆಯಾಡಿಸುತ್ತಿದ್ದರು. ಗುಡುಗು ಮತ್ತು ಉದ್ದಣ್ಣ ಮೊದಮೊದಲು ಬಂದು ಮಾತಾಡಿಸಿ ಹೋದರು. ಮಾತಿಗೆ ಮಾತು ಕೂಡದಾದಾಗ ನಿಲ್ಲಿಸಿದರು. ಭಾವಮೈದುನ ಅಕ್ಕನನ್ನು ನೋಡಲು ಬಂದ ದಿನ ಮೇಷ್ಟ್ರು ಏನಾದರೊಂದು ನೆಪ ಮಾಡಿಕೊಂಡು ಹೊರಗೆ ಹೋಗುತ್ತಿದ್ದರು.

ಹೆಂಡತಿಯ ಜೊತೆ ಸಂಸಾರ ಎಂದಿನಂತೆಯೇ ನಡೆಯಿತು. ಒಂದು ಮಾತ್ರ ಬದಲಾಯಿತು. ಅವಳು ಅಡುಗೆ ಹೇಗಿದೆ ಎಂದರೂ, ಸೀರೆ ಒಪ್ಪುತ್ತದೆಯೇ ಎಂದರೂ, “ಚೆನ್ನಾಗಿದೆ,” ಎಂದು ಮೇಷ್ಟ್ರು ತಟ್ಟನೆ ಹೇಳಿಬಿಡುತ್ತಿದ್ದರು. ಅವಳು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡುತ್ತಿದ್ದಳು. ನಿಜವೇ ಎಂದು ಕೇಳುವ ಧೈರ್ಯ ಅವಳಿಗೆ ಬರುತ್ತಿರಲಿಲ್ಲ.