ಹಳದಿ ಶೀಟಿನ ಕೆಳಗಿನ ಮರಿಗಳು

ಪ್ರಯೋಗಾಲಯದಲ್ಲಿ ಅವಳಿಗೆ ಪೊಟ್ಟಣ ಎಂದು ಅಡ್ಡಹೆಸರು. ನೀರಿನ ಸೀಸೆ ಕೈಗೆ ಬಂದರೆ ಸಾಕು, ಬೆಳ್ಳಿ ಹಾಳೆ ಸುತ್ತಿಬಿಡುತ್ತಿದ್ದಳು. ಬಿಟ್ಟರೆ ತನ್ನ ನೆರಳನ್ನೂ ಸುತ್ತಿಡುತ್ತಾಳೆ ಎಂದು ಜೊತೆಯವರು ನಗುತ್ತಿದ್ದರು. ನಗಲಿ ಬಿಡಿ. ತಂದ ನೀರಿಗೆ ಬೆಳಕು ತಗುಲಿದರೆ ಅದರೊಳಗಿನ ವಸ್ತುಗಳು ಬದಲಾಗುತ್ತವೆ, ಪರೀಕ್ಷೆ ಕೆಡುತ್ತದೆ ಎಂದು ಅವಳಿಗೆ ಕಲಿಸಿದ್ದರು. ಕಂದು ಸೀಸೆ, ಅದರ ಮೇಲೆ ಹಾಳೆ, ಮಂದ ಬೆಳಕಿನ ಕೋಣೆ. ಈ ಅಚ್ಚುಕಟ್ಟಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಅವಳ ಭಾವ ಹೊಳೆದಂಡೆಯಲ್ಲಿ ತೊಟ್ಟಿ ಕಟ್ಟಿಸಿ, ಹೊಳೆಯ ನೀರು ಹಾಯಿಸಿ, ಮೇಲೆ ಹಳದಿ ಪ್ಲಾಸ್ಟಿಕ್ ಶೀಟು ಹೊದಿಸಿ ಮೀನು ಸಾಕುತ್ತಿದ್ದರು. ಅದರಲ್ಲಿ ಒಂದು ತೊಟ್ಟಿ ಮಾತ್ರ ಅಕ್ಕನದು. ಹಿಂದೆ ಆ ಹೊಳೆಯಲ್ಲಿ ಧಾರಾಳವಾಗಿದ್ದು ಈಗ ಹುಡುಕಿದರೂ ಸಿಗದ ಒಂದು ಜಾತಿಯ ಮೀನನ್ನು ಅಕ್ಕ ಆ ತೊಟ್ಟಿಯಲ್ಲಿ ಉಳಿಸಿಕೊಂಡಿದ್ದಳು. ಮರಿ ಮಾಡಿಸಿ ವಾಪಸ್ಸು ಹೊಳೆಗೆ ಬಿಡಬೇಕೆಂಬುದು ಅವಳ ಹಟ. ಅದು ಕೈಗೂಡುವ ಮೊದಲೇ ಅಕ್ಕ ತೀರಿಕೊಂಡಳು. ಚಳಿಗಾಲದಲ್ಲಿ ದೊಡ್ಡ ಮೀನುಗಳೂ ಸತ್ತವು. ಅವು ಇಟ್ಟುಹೋದ ಮೊಟ್ಟೆಗಳಿಂದ ಬಂದ ಮರಿಗಳು ಒಂದು ತೊಟ್ಟಿಯಷ್ಟು ಉಳಿದವು. ಅವು ಹೋದರೆ ಆ ಜಾತಿಯೇ ಹೋದಂತೆ.

"ಪುಟ್ಟಿ, ನೀರು ಒಂದ್ಸಲ ನೋಡಿಬಿಡು," ಎಂದರು ಭಾವ. ಅವಳ ತಲೆಗೂದಲು ನರೆತಿದ್ದರೂ ಅವರಿಗೆ ಅವಳು ಪುಟ್ಟಿಯೇ. "ಹೊಳೆ ಮೇಲ್ಗಡೆ ಹಳೇ ಡಾಂಬರು ಕಾರ್ಖಾನೆ ಇತ್ತಲ್ಲ, ಅದೇ ಹೆದರಿಕೆ."

ಅವಳು ನೀರು ತಂದಳು, ಸುತ್ತಿದಳು, ನೋಡಿದಳು. ಡಾಂಬರಿನ ಅಂಶ ಇತ್ತು, ಆದರೆ ಲೆಕ್ಕಕ್ಕೆ ಹಿಡಿಯುವಷ್ಟಲ್ಲ. ಅನುಮಾನವೇ ಬೇಡವೆಂದು ಒಂದು ಬೋಗುಣಿಯಷ್ಟು ಮರಿಗಳನ್ನು ಅದೇ ನೀರಿನಲ್ಲಿ ತನ್ನ ಮಂದ ಬೆಳಕಿನ ಕೋಣೆಯಲ್ಲಿಟ್ಟು ಕಾದಳು. ಒಂದೂ ಸಾಯಲಿಲ್ಲ.

"ನೀರು ಚೆನ್ನಾಗಿದೆ ಭಾವ. ತೊಟ್ಟಿ ಮೇಲಿನ ಆ ಹಳದಿ ಶೀಟು ತೆಗೆದುಬಿಡಿ. ನಾಳೆ ಹೊಳೆಗೆ ಹೋಗೋ ಮರಿಗಳು, ಬಿಸಿಲು ಅಭ್ಯಾಸ ಆಗ್ಬೇಡ್ವಾ?"

"ಇನ್ನೂ ಎಳೇವು ಕಣೇ."

"ಎಷ್ಟು ದಿನ ಅಂತ ಮಡಿಲಲ್ಲಿಟ್ಕೊಂಡು ಕೂರ್ತೀರಾ?"

ಭಾವ ನಕ್ಕು ಒಪ್ಪಿಕೊಂಡರು. ಅವಳ ಮಾತೆಂದರೆ ಅವರಿಗೆ ಅಷ್ಟು ನಂಬಿಕೆ.

ಬೆಳಿಗ್ಗೆ ಶೀಟು ತೆಗೆದರು. ಬಿಸಿಲು ಏರುತ್ತಿದ್ದಂತೆ ಮರಿಗಳು ಗಿರಗಿರನೆ ಸುತ್ತತೊಡಗಿದವು. ಸಂಜೆಯ ಹೊತ್ತಿಗೆ ತೊಟ್ಟಿಯ ತಳವೆಲ್ಲ ಬೆಳ್ಳಗಾಗಿತ್ತು.

"ಎಲ್ಲಾ ಹೋದ್ವು ಪುಟ್ಟಿ," ಎಂದು ಭಾವ ಫೋನಿನಲ್ಲಿ ಹೇಳಿದರು. "ಶೀಟು ತೆಗೀವಾಗ ಧೂಳು ಉದುರ್ತು. ನನ್ನ ಕೈಯಾರೆ ಆಯ್ತು. ನಿಮ್ಮಕ್ಕ ಇದ್ದಿದ್ರೆ ನನ್ನ ಮುಖ ನೋಡ್ತಿರಲಿಲ್ಲ."

ಧೂಳಿಗೆ ತೊಟ್ಟಿಗೆ ತೊಟ್ಟಿಯೇ ಸಾಯುತ್ತದೆಯೇ? ಈಗ ಲೋಕದಲ್ಲಿ ಉಳಿದಿದ್ದದ್ದು ಅವಳ ಕೋಣೆಯ ಬೋಗುಣಿಯಲ್ಲಿದ್ದ ಮರಿಗಳಷ್ಟೇ. ಬುದ್ಧಿಯಿದ್ದವರು ಅವನ್ನು ಮುಟ್ಟುತ್ತಿರಲಿಲ್ಲ. ಆದರೆ ಕೊಂದದ್ದು ಯಾವುದೆಂದು ತಿಳಿಯದೆ ಅವನ್ನು ಎಲ್ಲಿಟ್ಟು ಕಾಪಾಡುವುದು? ಅವಳು ಹೊಳೆಯ ನೀರನ್ನೇ ಮೂರು ಜಾಡಿಗೆ ತುಂಬಿ ಮರಿಗಳನ್ನು ಹಂಚಿ ತಾರಸಿಯ ಮೇಲಿಟ್ಟಳು. ಒಂದು ಬರಿ ಬಿಸಿಲಿಗೆ, ಒಂದು ಕಿಟಕಿ ಗಾಜಿನ ಕೆಳಗೆ, ಇನ್ನೊಂದು ಭಾವನಿಂದ ತರಿಸಿದ ಹಳದಿ ಶೀಟಿನ ತುಂಡಿನ ಕೆಳಗೆ.

ಬರಿ ಬಿಸಿಲಿನವು ಮೊದಲು ಹೋದವು. ಗಾಜಿನ ಕೆಳಗಿನವು ಸ್ವಲ್ಪ ತಡವಾಗಿ ಹೋದವು. ಶೀಟಿನ ಕೆಳಗಿನವು ಆಡುತ್ತಲೇ ಇದ್ದವು.

ಅವಳು ಅಲ್ಲೇ ಕೂತು ಲೆಕ್ಕ ಹಾಕಿದಳು. ಬರಿಯ ಬಿಸಿಲಿಗೆ ಸಾಯುವಂತಿದ್ದರೆ ಹೊಳೆಯಲ್ಲಿ ಮೀನೆಂಬುದೇ ಇರುತ್ತಿರಲಿಲ್ಲ. ಬಿಸಿಲೂ ಡಾಂಬರೂ ಸೇರಿಯೇ ಇದು ಆಗಬೇಕು. ಬಿಸಿಲೆಂದರೆ ಒಂದೇ ಬೆಳಕಲ್ಲ, ಉದ್ದ ಅಲೆಗಳಿಂದ ಗಿಡ್ಡ ಅಲೆಗಳವರೆಗೆ ದೊಡ್ಡ ಸಂಸಾರ. ಕೆಂಪು, ಹಳದಿಯ ಉದ್ದ ಅಲೆಗಳು ಸಾಧುಗಳು, ನೀರನ್ನು ಬೆಚ್ಚಗೆ ಮಾಡಿ ಸುಮ್ಮನಾಗುತ್ತವೆ. ನೇರಳೆಯಾಚೆಯ ಗಿಡ್ಡ ಅಲೆಗಳು ಡಾಂಬರಿನ ಕಣವನ್ನು ಕೆರಳಿಸುತ್ತವೆ, ಅದು ಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ, ಕೆರಳಿದ ಆಮ್ಲಜನಕ ಮುಟ್ಟಿದ್ದನ್ನೆಲ್ಲ ಸುಡುತ್ತದೆ. ಈ ಜಾತಿಯ ಮರಿಗಳ ಮೈ ಗಾಜಿನಂತೆ ಪಾರದರ್ಶಕ, ಬೆಳಕು ಕರುಳಿನವರೆಗೂ ಹೋಗುತ್ತದೆ. ಹಳದಿ ಶೀಟು ಆ ಗಿಡ್ಡ ಅಲೆಗಳನ್ನಷ್ಟೇ ತಡೆದಿತ್ತು. ಇಷ್ಟೆಲ್ಲ ಅವಳು ಓದಿದ್ದವಳೇ. ಆದರೂ ಬಿಸಿಲಲ್ಲಿ ಬದುಕಬೇಕಾದ ಮರಿಗಳ ನೀರನ್ನು ಬೆಳಕೇ ಸೋಕದಂತೆ ಪೊಟ್ಟಣ ಕಟ್ಟಿ, ಚೆನ್ನಾಗಿದೆ ಎಂದು ಹೇಳಿ ಬಂದಿದ್ದಳು. ತನ್ನ ಮೇಲೆ ಅವಳಿಗೆ ಹೇಸಿಗೆಯಾಯಿತು.

ಜಾಡಿ ಹಿಡಿದು ಭಾವನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಬದುಕಿದ ಮರಿಗಳನ್ನು ಕಂಡು ಅರಳಿದ್ದ ಅವರ ಮುಖ ನಿಧಾನವಾಗಿ ಬಾಡಿತು.

"ಹಾಗಾದ್ರೆ ಧೂಳಲ್ಲ?"

"ಧೂಳಲ್ಲ ಭಾವ, ನಾನು. ನಿಮ್ಮ ತಪ್ಪು ಒಂಚೂರೂ ಇಲ್ಲ. ಉಳಿದಿದ್ದವುಗಳಲ್ಲೂ ಎರಡು ಪಾಲು ನಾನೇ ಬಿಸಿಲಿಗಿಟ್ಟು ಕೊಂದೆ, ತಿಳ್ಕೊಳ್ಳೋಕೆ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

"ಇರ್ಲಿ ಬಿಡು. ಇಷ್ಟಾದ್ರೂ ಉಳಿದ್ವಲ್ಲ. ಶೀಟು ಹಾಕೇ ಸಾಕೋಣ. ದೊಡ್ಡವಾದ್ಮೇಲೆ ಹೊಳೆಗೆ ಬಿಡೋಣ, ನಿಮ್ಮಕ್ಕ ಹೇಳ್ತಿದ್ದ ಹಾಗೆ."

ಹೂಂ ಎಂದುಬಿಡಬಹುದಿತ್ತು. ಅವಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಒಮ್ಮೆ ಸಲೀಸಾಗಿ ಚೆನ್ನಾಗಿದೆ ಎಂದದ್ದರ ಫಲ ಕಣ್ಣೆದುರಿಗೇ ಇತ್ತು.

"ದೊಡ್ಡವಾದ್ರೆ ಬದುಕಬಹುದು ಭಾವ, ಮೈ ದಪ್ಪ ಆಗಿರುತ್ತೆ. ಆದ್ರೆ ಅಲ್ಲಿ ಅವು ಮರಿ ಮಾಡಿದ್ರೆ? ಆ ಮರಿಗಳೂ ಗಾಜಿನ ಹಾಗೇ ಇರ್ತಾವೆ. ಹೊಳೆ ಉದ್ದಕ್ಕೂ ಶೀಟು ಹೊದಿಸೋಕಾಗುತ್ತಾ?"

ಭಾವ ಹೊಳೆಯ ಕಡೆ ನೋಡಿದರು. ನೀರು ತಿಳಿಯಾಗಿತ್ತು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಇವು ಹೊಳೇಲಿ ಯಾಕೆ ಇಲ್ದಂಗಾದ್ವು ಅಂತ ನಿಮ್ಮಕ್ಕ ಕೊನೇವರೆಗೂ ಕೇಳ್ತಾನೇ ಇದ್ಲು," ಎಂದರು.

ಅವರು ಎದ್ದು ಹೋಗಿ ತೊಟ್ಟಿ ತಿಕ್ಕಿದರು, ಹೊಸ ನೀರು ಬಿಟ್ಟರು, ಮರಿಗಳನ್ನು ಸುರಿದರು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಅವು ಕಣ್ಣಿಗೇ ಬೀಳುತ್ತಿರಲಿಲ್ಲ. ಆಮೇಲೆ ಶೀಟಿನ ಒಂದು ತುದಿ ಎತ್ತಿದರು.

"ಆ ಕಡೆ ಹಿಡ್ಕೋ ಪುಟ್ಟಿ."

ಅವಳು ಹಿಡಿದಳು. ಅಳು ತಡೆಯಲಾಗಲಿಲ್ಲ. ಇಬ್ಬರೂ ಸೇರಿ ಶೀಟನ್ನು ತೊಟ್ಟಿಗೆ ಮುಚ್ಚಿದರು.

"ಹೊಳೆ ಹೀಗಾಗಿದೆ ಅಂತ ನಿಮ್ಮಕ್ಕನಿಗೆ ಗೊತ್ತಾಗದೆ ಹೋಗಿದ್ದೇ ಒಳ್ಳೇದಾಯ್ತು ಬಿಡು," ಎಂದರು ಭಾವ.