ಹಾರ್ನಿನೊಳಗಿನ ಕೈ

ಬ್ಯಾಂಡ್ ಮಾಸ್ತರರ ಕೈಯಲ್ಲಿದ್ದ ಹಾಳೆಯನ್ನು ಮಗಳು ಕಿತ್ತುಕೊಂಡಳು. ಅಪ್ಪನ ದೇಹ ತಾಲೀಮು ಕೋಣೆಯ ನಡುವೆ, ಇಪ್ಪತ್ತೆರಡು ವರ್ಷ ಅವನು ಕೂತು ನುಡಿಸಿದ ಜಾಗದಲ್ಲೇ ಮಲಗಿತ್ತು. ಬ್ಯಾಂಡಿನವರು ಗೋಡೆಗುಂಟ ಕುರ್ಚಿ ಹಾಕಿಕೊಂಡು ಮಾಸ್ತರರ ನಾಲ್ಕು ಮಾತಿಗೆ ಕಾಯುತ್ತಿದ್ದರು.

“‘ವಯಸ್ಸಾದಂತೆ ಇವರ ಕಿವಿ ಮಂದವಾಯಿತು, ಆದರೂ ನಾವು ಇವರನ್ನು ಗೌರವಿಸಿದೆವು,’” ಎಂದು ಅವಳು ಓದಿದಳು. “ಈ ಸಾಲು ಹೊಡೆದು ಹಾಕಿ ಸಾರ್.”

“ಯಾಕಮ್ಮ? ಎಲ್ಲರಿಗೂ ಗೊತ್ತಿರೋದೇ ತಾನೆ.”

“ಎಲ್ಲರಿಗೂ ನೀವು ಹೇಳಿದ್ದಷ್ಟೇ ಗೊತ್ತು.”

ಅಮ್ಮ ಅವಳ ತೋಳು ಹಿಡಿದಳು. “ಬಿಡೇ, ಸತ್ತ ದಿನಾನೂ ಜಗಳ ಬೇಕಾ? ನಿಮ್ಮಪ್ಪನೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ.”

“ಅದಕ್ಕೇ ನಂಗೆ ಮೈಯೆಲ್ಲ ಉರೀತಿರೋದು.”

ಉರಿಯದೆ ಇನ್ನೇನು? ಸಾರಿಗೆ ಉಪ್ಪು ಕಡಿಮೆಯಾದರೆ ಮನೆಯಲ್ಲಿ ಹಾರಾಡುತ್ತಿದ್ದ ಮನುಷ್ಯ, ಈ ಮಾಸ್ತರರ ಎದುರು ಮಾತ್ರ ಬೆಕ್ಕಿನ ಮರಿ. ಸತ್ತವನ ಮೇಲೂ ಅವಳಿಗೆ ಸಿಟ್ಟಿತ್ತು.

* * *

ಹನ್ನೊಂದು ವರ್ಷದ ಹಿಂದೆ ಕಾರ್ಯಕ್ರಮ ಮುಗಿಸಿ ವಾದ್ಯಗಳನ್ನು ತುಂಬುವಾಗ, ತಡವಾಯಿತೆಂದು ಕೂಗಾಡುತ್ತಿದ್ದ ಮಾಸ್ತರರು ವ್ಯಾನಿನ ಬಾಗಿಲನ್ನು ದಡಾರನೆ ಎಳೆದರು. ಅಪ್ಪನ ಬಲಗೈ ಸಂದಿನಲ್ಲಿತ್ತು. “ನೋಡ್ಕೊಂಡು ಇಡಬಾರದೇನಯ್ಯ ಕೈನ,” ಎಂದು ಅವರೇ ಬೈದರು. ಮೂಳೆ ಕೂಡಿತು, ಆದರೆ ಮೂರು ಬೆರಳು ಒಳಕ್ಕೆ ಮಡಚಿಕೊಂಡವು ಮತ್ತೆ ನೆಟ್ಟಗಾಗಲಿಲ್ಲ. ಬ್ಯಾಂಡಿನಲ್ಲಿ ಜಾಗ ಹೋದೀತೆಂಬ ಹೆದರಿಕೆಗೆ ಅಪ್ಪ ವಾಸಿಯಾಯಿತೆಂದು ಸುಳ್ಳು ಹೇಳಿದ.

ಫ್ರೆಂಚ್ ಹಾರ್ನ್ ನುಡಿಸುವವನ ಎಡಗೈ ಕೀಲಿಗಳ ಮೇಲೆ, ಬಲಗೈ ಹಾರ್ನಿನ ಅಗಲ ಬಾಯಿಯೊಳಗೆ. ಬೆರಳು ಜೋಡಿಸಿ, ಅಂಗೈ ಬಾಗಿಸಿ, ಕೈಯ ಹಿಂಭಾಗವನ್ನು ಒಳಗೋಡೆಗೆ ಒರಗಿಸಬೇಕು. ಆಗ ದನಿ ದುಂಡಗಿರುತ್ತದೆ, ಸ್ವರ ತನ್ನ ಜಾಗದಲ್ಲಿ ನಿಲ್ಲುತ್ತದೆ. ಕೈ ಹೊರಗೆ ಸರಿದರೆ ಸ್ವರ ಮೇಲಕ್ಕೇರುತ್ತದೆ. ಅಪ್ಪನ ಮಡಚಿದ ಕೈ ಒಳಗೆ ಕೂರಲೊಲ್ಲದೆ ಅಂಚಿನಲ್ಲೇ ನಿಲ್ಲುತ್ತಿತ್ತು. ಶ್ರುತಿ ಹೊಂದಿಸುವ ಕೊಳವೆಯನ್ನು ಹೊರಗೆಳೆದು ಸ್ವರ ಇಳಿಸಿದರೆ ದನಿ ತಗಡಿನಂತಾಗುತ್ತಿತ್ತು.

ಹಾರ್ನಿನ ಬಾಯಲ್ಲಿರುವ ಕೈ ಎದುರಿನವರಿಗೆ ಕಾಣುವುದಿಲ್ಲವಲ್ಲ. ಹಾಗಾಗಿ ಎಲ್ಲರೂ ಕಿವಿಯನ್ನು ದೂರಿದರು. ಒಂದು ದಿನ ತಾಲೀಮಿನ ನಡುವೆ ಮಾಸ್ತರರು, “ನಿನ್ನ ಕಿವಿ ಸತ್ತಿದೆ ಕಣಯ್ಯ, ಮನೆಗೆ ಹೋಗು,” ಎಂದರು. ಅಪ್ಪ ಮನೆಗೆ ಹೋದ, ಮತ್ತೆ ಬ್ಯಾಂಡಿಗೆ ಬರಲಿಲ್ಲ. ಆ ಸತ್ತ ಕಿವಿಯೇ ಮಗಳಿಗೆ ಹಾರ್ನ್ ಕಲಿಸಿತು. ಅವಳ ಕೈ ಕೂದಲೆಳೆಯಷ್ಟು ಸರಿದರೂ ಬಚ್ಚಲುಮನೆಯಿಂದಲೇ “ಕೈ ಒಳಗೆ” ಎಂದು ಕೂಗುತ್ತಿದ್ದ.

* * *

“ಕೆಟ್ಟಿದ್ದು ಕಿವಿಯಲ್ಲ ಸಾರ್, ನಿಮ್ಮ ವ್ಯಾನಿನ ಬಾಗಿಲಿಗೆ ಸಿಕ್ಕಿದ ಕೈ,” ಎಂದಳು ಮಗಳು.

“ಕೈ ವಾಸಿಯಾಗಿತ್ತು, ಅವನೇ ಹೇಳಿದ್ದ. ಆ ಸಾಲು ಇರತ್ತೆ,” ಎಂದರು ಮಾಸ್ತರರು.

ಮಗಳು ಹಾಳೆಯನ್ನು ಅಮ್ಮನ ಕೈಗಿತ್ತು, ದೇಹದ ಪಕ್ಕದಲ್ಲಿಟ್ಟಿದ್ದ ಪೆಟ್ಟಿಗೆಯಿಂದ ಅಪ್ಪನ ಹಾರ್ನ್ ಎತ್ತಿಕೊಂಡಳು. “ನಾನು ಊದ್ತೀನಿ. ಕೈ ನೀವು ಇಡಿ.”

“ಇದೇನು ಹುಡುಗಾಟ?”

“ಇಡಿ ಸಾರ್, ಅದರಲ್ಲೇನಿದೆ,” ಎಂದ ಗೋಡೆಯ ಕಡೆಯಿಂದ ಡ್ರಮ್ಮಿನವನು. ಅಷ್ಟು ಜನರೆದುರು ಒಲ್ಲೆ ಎನ್ನಲಾಗದೆ ಮಾಸ್ತರರು ಪಕ್ಕಕ್ಕೆ ಬಂದು, ಹಾರ್ನಿನ ಬಾಯೊಳಗೆ ಬಲಗೈ ತೂರಿಸಿದರು. ಅವಳು ಊದಿದಳು. ಸ್ವರ ದುಂಡಗೆ, ನೆಟ್ಟಗೆ ಬಂತು.

“ಈಗ ಮೂರು ಬೆರಳು ಮಡಚಿ.”

ಮಡಚಿದೊಡನೆ ಕೈ ಅಂಚಿಗೆ ಜಾರಿತು. ಅವಳು ತುಟಿ ಕದಲಿಸದೆ ಅದೇ ಸ್ವರ ಊದಿದಳು. ಅದು ಮೇಲೇರಿ ಕೀರಲಾಯಿತು. ಕೂತವರೆಲ್ಲ ಮುಖ ಸಿಂಡರಿಸಿದರು.

ಡ್ರಮ್ಮಿನವನು ಎದ್ದು ನಿಂತ. “ಇದೇ ಸದ್ದು. ಕೊನೇ ವರ್ಷ ಅವನದ್ದು ಹಿಂಗೇ ಬರ್ತಿತ್ತು. ನಾವು ನಕ್ಕಿದ್ವಿ.”

ಮಾಸ್ತರರು ಕೈ ಎಳೆದುಕೊಳ್ಳಲು ನೋಡಿದರು. ಮಗಳು ತನ್ನ ಬಲಗೈಯಿಂದ ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಉಸಿರು ಮುಗಿಯುವವರೆಗೂ ಆ ಕೀರಲು ಸ್ವರವನ್ನೇ ಊದಿದಳು.

ಅವಳು ತುಟಿ ತೆಗೆದಾಗ ಅಮ್ಮ ಅಪ್ಪನ ತಲೆಯ ಬಳಿ ಹೋಗಿ ಕೂತಿದ್ದಳು.

“ಇನ್ನೊಂದ್ಸಲ ಊದೇ,” ಎಂದಳು.

ಮಗಳು ಉಸಿರೆಳೆದುಕೊಂಡಳು. ಮಾಸ್ತರರ ಕೈ ಇನ್ನೂ ಹಾರ್ನಿನೊಳಗೇ ಇತ್ತು.