ಇಲ್ಲದ ಬೆರಳಿನ ತುರಿಕೆ

"ಬೇವರ್ಸಿ, ಅಲ್ಲಿ ಕೂರ್ಬೇಡ! ಗಿರಾಕಿ ಬರುವ ದಾರಿ ಅದು. ನಿನ್ನ ಮೊಂಡು ಕಾಲು ನೋಡಿದ್ರೆ ಯಾರು ಮೀನು ತಗೊಳ್ತಾರೆ?"

ನಾನು ಬಲೆ ಎತ್ತಿಕೊಂಡು ಮೀನಿನ ಶೆಡ್ಡಿನ ಕಸದ ಡಬ್ಬಿಯ ಬದಿಗೆ ಸರಿದೆ. ಬೈದವರು ಕಾಪು ಕಡೆಯ ನಮ್ಮ ಧಣಿ. ಹೆಸರು ಕರುಣಾಕರ. ನನ್ನ ಹೆಸರು ಹೂವಪ್ಪ. ಹೆಸರು ಇಡುವವರಿಗೆ ಮುಂದಿನದ್ದು ಗೊತ್ತಿರುವುದಿಲ್ಲ.

ಧಣಿಯ ಬೋಟಿನಲ್ಲಿ ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಸಿಕ್ಕಿ ನನ್ನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. "ಕುಡಿದಿದ್ದ" ಎಂದರು ಧಣಿ. ಅವತ್ತು ನಾನು ಕುಡಿದದ್ದು ಡೀಸೆಲ್ ವಾಸನೆಯ ಚಹಾ ಮಾತ್ರ. ಆದರೂ "ಹೌದು ಧಣಿ" ಎಂದೆ. ಒಂದು ಕಾಲಿನವನಿಗೆ ಬಗ್ಗುವುದು ಕಷ್ಟ ಅಂತ ಡಾಕ್ಟರು ಹೇಳಿದ್ದರು. ನನಗೇನೂ ಕಷ್ಟವಾಗಲಿಲ್ಲ.

ಸರಸ ಅದೇ ಶೆಡ್ಡಿನಲ್ಲಿ ಐಸ್ ಪುಡಿ ಮಾಡುವ ಮಿಷನಿಗೆ ಬಲಗೈಯ ಬೆರಳುಗಳನ್ನು ಕೊಟ್ಟವಳು. ಕೆಲಸ ಬೇಗ ಆಗಲಿ ಎಂದು ಮಿಷನಿನ ಬಾಯಿಗಿದ್ದ ಜಾಲರಿಯನ್ನು ಧಣಿ ಬಿಚ್ಚಿಸಿದ್ದರು. "ನಿದ್ದೆ ತೂಗುತ್ತಿದ್ದಳು" ಎಂಬುದು ಅವಳ ಪಾಲಿಗೆ ಬಂದ ಕಾರಣ.

ನಾವಿಬ್ಬರೂ ವಾರಕ್ಕೊಮ್ಮೆ ಮಣಿಪಾಲದ ಆಸ್ಪತ್ರೆಗೆ ಒಟ್ಟಿಗೆ ಹೋಗುತ್ತಿದ್ದೆವು. ಅವಳು ಬಸ್ಸು ಹತ್ತಿ ಎಡಗೈಯಲ್ಲಿ ನನ್ನನ್ನು ಎಳೆಯುತ್ತಿದ್ದಳು. ನಾನು ಸೀಟಿನಲ್ಲಿ ಕೂತು ಅವಳ ಜಡೆ ಹಾಕುತ್ತಿದ್ದೆ. ಬಲೆ ಹೊಲಿಯುವವನ ಕೈ, ಜಡೆಯಲ್ಲಿ ಬಂಗುಡೆ ಮೀನು ಹಿಡಿಯಬಹುದಿತ್ತು.

ಅಲ್ಲಿ ಗಾನವಿ ಮೇಡಂ, ಮನಸ್ಸಿನ ಡಾಕ್ಟರು, ಒಳ್ಳೆಯವರು. "ನಿಮ್ಮ ನೋವು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಹಗುರ ಆಗ್ತದೆ" ಎಂದರು. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಹೇಳಿಕೊಂಡೆವು. ಅವಳು ಅತ್ತಳು, ಅದನ್ನು ನೋಡಿ ನಾನೂ ಅತ್ತೆ.

"ಹಗುರ ಆಯ್ತಾ ಹೂವಪ್ಪಣ್ಣ?"

"ಹಸಿವಾಯ್ತು."

ಗೋಳಿಬಜೆ ತಿಂದೆವು. ಹಗುರವಾದದ್ದು ಕಿಸೆ ಅಷ್ಟೇ.

ಆದರೆ ವಾಪಸು ಬರುವ ಬಸ್ಸಿನಲ್ಲಿ ಒಂದು ಸಂಗತಿ ನಡೆಯಿತು. ಅವಳ ಇಲ್ಲದ ಬೆರಳು ತುರಿಸತೊಡಗಿತು. ಹಲ್ಲು ಕಚ್ಚಿ ಕೂತಿದ್ದಳು. ನನ್ನ ಇಲ್ಲದ ಪಾದಕ್ಕೂ ಆ ರೋಗ ಉಂಟು. ಅವಳ ಮೊಂಡು ಕೈಯ ಮುಂದಿನ ಖಾಲಿ ಗಾಳಿಯನ್ನು ಕೆರೆದೆ.

"ಇಲ್ಲಿಯಾ?"

"ಸ್ವಲ್ಪ ಕೆಳಗೆ. ಹಾಂ, ಅಲ್ಲೇ. ಅಯ್ಯೋ ದೇವರೇ, ಅಲ್ಲೇ!"

ಎದುರಿನ ಸೀಟಿನ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು. ನಾವು ಇಳಿಯುವ ಕೆಮ್ಮಣ್ಣು ಸ್ಟಾಪ್ ಬರುವವರೆಗೂ ಕಂಡಕ್ಟರ್ ನಮ್ಮನ್ನು ನೋಡುತ್ತಲೇ ಇದ್ದ. ಸರಸ ನಗುತ್ತಿದ್ದಳು. ಬೆರಳು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಶೆಡ್ಡಿಗೆ ಹೋದರೆ ಮಿಷನಿನ ಮೇಲೆ ನವ್ಯಶ್ರೀ. ಕಾಲೇಜು ಬಿಟ್ಟು ಹೊಸದಾಗಿ ಸೇರಿದ ಹುಡುಗಿ, ಬರಿಗೈಯಲ್ಲಿ ಐಸ್ ತಳ್ಳುತ್ತಿದ್ದಳು. ಜಾಲರಿ ಇನ್ನೂ ಹಾಕಿರಲಿಲ್ಲ.

ಸರಸ ನೇರ ಧಣಿಯ ಹತ್ತಿರ ಹೋದಳು. "ಧಣಿ, ಆ ಜಾಲರಿ ಹಾಕ್ಸಿ. ಹುಡುಗಿಯ ಕೈ ಹೋಗ್ತದೆ."

"ಕೈ ಇಲ್ಲದ ರಂಡೆ ನನಗೆ ಮಿಷನ್ ಕಲಿಸ್ತೀಯಾ? ಕುಂಟನ ತೊಡೆ ಮೇಲೆ ಕೂತು ಮಣಿಪಾಲಕ್ಕೆ ತಿರುಗ್ತೀಯಲ್ಲ, ಅದನ್ನೇ ಮಾಡು, ಹೋಗು!"

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನೂ ನಕ್ಕೆ. ಧಣಿ ತಮಾಷೆ ಮಾಡಿದರೆ ನಗುವುದು ನನ್ನ ಬಾಯಿಗೆ ರೂಢಿ, ತಮಾಷೆ ನನ್ನ ಮೇಲೆಯೇ ಅಂತ ಅದಕ್ಕೆ ತಡವಾಗಿ ತಿಳಿಯುತ್ತದೆ.

ಸರಸ ನನ್ನನ್ನು ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದಳು. ಮಿಷನ್ ಗುರ್ರೆಂದು ನಿಂತಿತು. "ಇಳಿ ಮಗಾ" ಎಂದು ನವ್ಯಶ್ರೀಯನ್ನು ಕೆಳಗಿಳಿಸಿ, ತಾನೇ ಮೇಲೆ ಹತ್ತಿ ಅದರ ಬಾಯಿಗೆ ಅಡ್ಡ ಕೂತಳು.

"ಏ, ಇಳಿಯೇ!" ಧಣಿ ಸ್ವಿಚ್ಚಿನ ಕಡೆ ನಡೆದರು.

ಆಗ ನಾನು ಎದ್ದೆ. ಶೂರನ ಹಾಗೆ ಅಲ್ಲ, ಊರುಗೋಲು ಜಾರಿ ಮೀನಿನ ಬುಟ್ಟಿಗೆ ಬಿದ್ದು, ಮತ್ತೆ ಎದ್ದೆ. ಸರಸ ಎಡಗೈ ಚಾಚಿ ಎಳೆದಳು. ಅವಳ ಪಕ್ಕ ಕೂತೆ.

"ಸರಸ, ಅವರು ಸ್ವಿಚ್ ಹಾಕಿದ್ರೆ?"

"ಹಾಕಿದ್ರೆ ನಮ್ಮಲ್ಲಿ ಉಳಿದದ್ದೂ ಹೋಗ್ತದೆ ಮಾರಾಯ್ರೇ. ಸುಮ್ನೆ ಕೂತ್ಕೊಳ್ಳಿ."

"ಧಣಿ," ಎಂದೆ ನಾನು. ಸ್ವರ ಕೀರಲಾಗಿತ್ತು. "ಅವತ್ತು ಬೋಟಲ್ಲಿ ನಾನು ಕುಡಿದಿರಲಿಲ್ಲ."

ಯಾರೂ ನಗಲಿಲ್ಲ. ಧಣಿಯ ಕೈ ಸ್ವಿಚ್ಚಿನ ಮೇಲಿತ್ತು. ನವ್ಯಶ್ರೀ ಓಡಿ ಅವರ ಪಕ್ಕಕ್ಕೆ ಹೋಗಿ ಆ ಕೈಯನ್ನೇ ನೋಡುತ್ತಾ ನಿಂತಳು. ಕೆಳಗೆ ಐಸ್ ಕರಗಿ ನನ್ನ ಲುಂಗಿ ಪೂರ್ತಿ ಒದ್ದೆಯಾಗಿತ್ತು. ಹೆದರಿ ಉಚ್ಚೆ ಹೊಯ್ದಿದ್ದಾನೆ ಎಂದು ಎಲ್ಲರೂ ತಿಳಿದಿರಬೇಕು. ಅದರಲ್ಲಿ ಅರ್ಧ ನಿಜವೂ ಇತ್ತು.

ಆದರೂ ನಾವು ಇಳಿಯಲಿಲ್ಲ.